ಎರಡು ವಿಮಾನ ನಿಲ್ದಾಣಗಳ ನಡುವೆ

ನಮ್ಮ ಹಿರಿಯರು ದೂರವನ್ನು ಅಳೆಯುತ್ತಿದ್ದ ರೀತಿ ವಿಚಿತ್ರವಾದುದು. ಒಂದು ಊರು ‘ಕೂಗಳತೆಯಲ್ಲಿ’ ಇದೆ ಎನ್ನುತ್ತಿದ್ದರು. ಇನ್ನೊಂದು ಊರು ‘ಒಂದು ಹರದಾರಿ’ ಎನ್ನುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ನಾಲ್ಕು ಹರದಾರಿ ಸೇರಿದರೆ ಒಂದು ಗಾವುದವೆಂದು ಲೆಕ್ಕ. ಆದರೆ ಈ ಅಳತೆಗಳು ಊರಿಂದೂರಿಗೆ ಹಿಗ್ಗುತ್ತಿದ್ದವು, ಕುಗ್ಗುತ್ತಿದ್ದವು. ಇನ್ನೂ ದೂರದ ಊರಾದರೆ ‘ಎರಡು ದಿನದ ಗಾಡಿದಾರಿ’ ಎಂದುಬಿಡುತ್ತಿದ್ದರು. ದೂರವನ್ನು ಕೇಳಿದವನಿಗೆ ಕಾಲವನ್ನು ಹೇಳುವುದು ತಪ್ಪು ಉತ್ತರವೆಂದು ಇಂದಿನ ವಿದ್ಯಾರ್ಥಿಗೆ ತೋರಬಹುದು. ಪ್ರಯಾಣ ಹೊರಟವನಿಗೆ ಬೇಕಾದುದು ಮಾತ್ರ ಅದೇ ಉತ್ತರವಾಗಿದ್ದಿತು. ಎತ್ತಿನ ಗಾಡಿಯ ಕಾಲ ಮುಗಿದು ವಿಮಾನದ ಕಾಲ ಬಂದಮೇಲೆ ಈ ಎರಡರ ನಂಟು ಹೇಗೆ ಬದಲಾಯಿತು ಎಂಬುದನ್ನು ತಿಳಿಯಲು ಹಾವೇರಿ ಜಿಲ್ಲೆಯ ನೆಲ ಬಹಳ ಅನುಕೂಲವಾದುದು.

ಹಾವೇರಿಯು ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದಿತು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇವು ಈ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಈ ನಾಲ್ಕು ಊರುಗಳಿಗೂ ತಮ್ಮದೇ ಆದ ವಿಮಾನ ನಿಲ್ದಾಣವಿಲ್ಲ. ಉತ್ತರಕ್ಕೆ ಹುಬ್ಬಳ್ಳಿಯ ನಿಲ್ದಾಣವಿದೆ. ಅದು 1974ರಲ್ಲಿ ಆರಂಭವಾಗಿ, ಬಹುಕಾಲ ಚಿಕ್ಕದಾಗಿಯೇ ಉಳಿದು, 2017ರ ಡಿಸೆಂಬರಿನಲ್ಲಿ ಹೊಸ ಕಟ್ಟಡವನ್ನು ಪಡೆಯಿತು. ದಕ್ಷಿಣಕ್ಕೆ ಶಿವಮೊಗ್ಗೆಯ ಹತ್ತಿರ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಹೊತ್ತ ನಿಲ್ದಾಣವಿದೆ. ಅದರ ಉದ್ಘಾಟನೆ ನಡೆದದ್ದು 2023ರ ಫೆಬ್ರವರಿ 27ರಂದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಅದೇ ವರ್ಷದ ಆಗಸ್ಟ್ 31ರಂದು.

ಕರ್ನಾಟಕದ ಭೂಪಟವೊಂದನ್ನು ತೆರೆದು, ಈ ಎರಡು ನಿಲ್ದಾಣಗಳ ಮೇಲೆ ಅಳತೆಪಟ್ಟಿಯನ್ನಿಟ್ಟು ಒಂದು ಗೆರೆಯನ್ನೆಳೆದು ನೋಡಿರಿ. ಆ ಗೆರೆಯು ಹುಬ್ಬಳ್ಳಿಯಿಂದ ಹೊರಟು ಸ್ವಲ್ಪ ಪೂರ್ವಕ್ಕೆ ವಾಲುತ್ತ ದಕ್ಷಿಣಾಭಿಮುಖವಾಗಿ ಸಾಗುತ್ತದೆ. ಮೊದಲು ಅದು ಶಿಗ್ಗಾಂವಿಯ ಮೇಲೆಯೇ ಹಾದುಹೋಗುತ್ತದೆ. ಕನಕದಾಸರು ಹುಟ್ಟಿದ ಬಾಡ, ಶರೀಫ ಸಾಹೇಬರ ಶಿಶುನಾಳ ಇರುವುದು ಈ ತಾಲ್ಲೂಕಿನಲ್ಲಿಯೇ. ದಕ್ಷಿಣಕ್ಕೆ ಮುಖ ಮಾಡಿ ನಿಂತವನಿಗೆ ಗೆರೆಯ ಎಡಕ್ಕೆ, ಸುಮಾರು 14 ಕಿಲೋಮೀಟರಿನಷ್ಟು ದೂರದಲ್ಲಿ, ನವಾಬರ ಆಳ್ವಿಕೆಗೂ ಪುರಾತನ ದೊಡ್ಡಹುಣಸೆ ಮರಗಳಿಗೂ ಹೆಸರಾದ ಸವಣೂರು ಉಳಿಯುತ್ತದೆ. ಬಲಕ್ಕೆ, ಸುಮಾರು 18 ಕಿಲೋಮೀಟರು ದೂರದಲ್ಲಿ, ತಾರಕೇಶ್ವರ ದೇಗುಲದ ಹಾನಗಲ್ಲು. ಮುಂದೆ ವರದಾ ನದಿಯನ್ನು ದಾಟಿದ ಗೆರೆಯು ಕೂದಲೆಳೆಯಷ್ಟೂ ಆಚೀಚೆ ಸರಿಯದೆ ಎಂಬಂತೆ ಹಿರೇಕೆರೂರಿನ ನೆತ್ತಿಯ ಮೇಲೆ ಬರುತ್ತದೆ. ಎರಡು ನಿಲ್ದಾಣಗಳನ್ನು ಕಟ್ಟಿದವರು ಈ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಯಾರೂ ಹೇಳಲಾರರು. ಆದರೂ ನಾಲ್ಕು ಊರುಗಳಲ್ಲಿ ಎರಡು ಗೆರೆಯ ಮೇಲೆಯೂ ಎರಡು ಅದರ ಇಕ್ಕೆಲಗಳಲ್ಲಿಯೂ ಬಂದು ನಿಂತಿರುವುದು ಸೋಜಿಗವೇ.

ಈ ಗೆರೆಯ ಉದ್ದವೆಷ್ಟು? ಇದನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೇ ಲೆಕ್ಕ ಮಾಡಬಲ್ಲನು. ಹುಬ್ಬಳ್ಳಿಯ ನಿಲ್ದಾಣವು ಉತ್ತರ ಅಕ್ಷಾಂಶ 15 ಡಿಗ್ರಿ 22 ಮಿನಿಟು, ಪೂರ್ವ ರೇಖಾಂಶ 75 ಡಿಗ್ರಿ 5 ಮಿನಿಟಿನಲ್ಲಿದೆ. ಶಿವಮೊಗ್ಗೆಯದು ಉತ್ತರ ಅಕ್ಷಾಂಶ 13 ಡಿಗ್ರಿ 51 ಮಿನಿಟು, ಪೂರ್ವ ರೇಖಾಂಶ 75 ಡಿಗ್ರಿ 37 ಮಿನಿಟು. ಉತ್ತರ ದಕ್ಷಿಣವಾಗಿ ಎರಡಕ್ಕೂ 91 ಮಿನಿಟುಗಳ ಅಂತರ. ಅಕ್ಷಾಂಶದ ಒಂದು ಮಿನಿಟಿಗೆ ಭೂಮಿಯ ಮೇಲೆ ಎಷ್ಟು ದೂರವೋ ಅದಕ್ಕೇ ನಾವಿಕರು ನಾಟಿಕಲ್ ಮೈಲಿ ಎಂದು ಹೆಸರಿಟ್ಟರು. ಇಂದು ಅದನ್ನು 1,852 ಮೀಟರೆಂದು ನಿಗದಿಗೊಳಿಸಲಾಗಿದೆ. ವಿಮಾನ ಚಾಲಕರು ಇಂದಿಗೂ ಇದೇ ಅಳತೆಯನ್ನು ಬಳಸುವುದು ಹಳೆಯ ಚಟದಿಂದಲ್ಲ; ಅಕ್ಷಾಂಶದ ಅಂತರವನ್ನು ನೋಡಿದೊಡನೆಯೇ ದೂರ ತಿಳಿದುಬಿಡುತ್ತದೆ ಎಂಬ ಸೌಕರ್ಯವು ಅದರಲ್ಲಿದೆ. ಆದುದರಿಂದ ಉತ್ತರ ದಕ್ಷಿಣದ ಅಂತರವು 91 ನಾಟಿಕಲ್ ಮೈಲಿ, ಅಂದರೆ ಸುಮಾರು 168 ಕಿಲೋಮೀಟರು. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ನಾಡಿನಲ್ಲಿ ರೇಖಾಂಶದ ಒಂದು ಮಿನಿಟು ಸುಮಾರು 1.8 ಕಿಲೋಮೀಟರು ಮಾತ್ರ. 32 ಮಿನಿಟುಗಳಿಗೆ ಸುಮಾರು 58 ಕಿಲೋಮೀಟರಾಯಿತು. ಇವೆರಡೂ ಲಂಬಕೋನ ತ್ರಿಭುಜದ ಎರಡು ಬಾಹುಗಳು; ವಿಮಾನದ ದಾರಿಯೇ ವಿಕರ್ಣ. ಪೈಥಾಗೊರಸನ ಪ್ರಮೇಯದಂತೆ ವರ್ಗಗಳನ್ನು ಕೂಡಿಸಿ ವರ್ಗಮೂಲವನ್ನು ತೆಗೆದರೆ 178 ಬರುತ್ತದೆ. ಸೆಕೆಂಡುಗಳನ್ನು ಬಿಟ್ಟು ಲೆಕ್ಕ ಮಾಡಿದುದರಿಂದ ಒಂದೆರಡು ಕಿಲೋಮೀಟರುಗಳ ಹೆಚ್ಚುಕಡಿಮೆ ಇದ್ದೀತು. ದೂರ ಹೆಚ್ಚಾದರೆ ಭೂಮಿಯ ಗುಂಡುತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಇಷ್ಟು ಕಿರಿದಾದ ದೂರಕ್ಕೆ ಅದರ ಗೊಡವೆಯಿಲ್ಲ.

ಹೀಗೆ ಕುಳಿತಲ್ಲಿಯೇ ದೂರವನ್ನು ಲೆಕ್ಕಿಸುವ ಸೌಭಾಗ್ಯವು ಸುಲಭವಾಗಿ ಬಂದುದಲ್ಲ. ವಿಲಿಯಂ ಲ್ಯಾಂಬ್ಟನ್ ಎಂಬಾತನು 1802ರಲ್ಲಿ ಮದರಾಸಿನ ಬಳಿ ಸರಪಣಿ ಹಿಡಿದು ಒಂದು ಆಧಾರರೇಖೆಯನ್ನು ಅಳೆದನು. ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜಗಳನ್ನು ಹೆಣೆಯುತ್ತ, ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲತೀರದವರೆಗೆ ಆ ಅಳತೆಯು ಬಂದಿತು. ಆಗ ತಿಳಿದದ್ದೇನೆಂದರೆ, ಹಳೆಯ ಭೂಪಟಗಳು ಪರ್ಯಾಯ ದ್ವೀಪವನ್ನು ಸುಮಾರು 40 ಮೈಲಿಗಳಷ್ಟು ಹೆಚ್ಚು ಅಗಲವಾಗಿ ತೋರಿಸಿದ್ದವು! ಇಂದು ವಿಮಾನದ ಯಂತ್ರವು ಉಪಗ್ರಹಗಳ ನೆರವಿನಿಂದ ಕ್ಷಣಕ್ಷಣಕ್ಕೂ ತನ್ನ ಅಕ್ಷಾಂಶ ರೇಖಾಂಶಗಳನ್ನು ಅರಿಯುತ್ತದೆ. ಅದರ ಹಿಂದೆ ಸರಪಣಿ ಹೊತ್ತು ಬಿಸಿಲಿನಲ್ಲಿ ನಡೆದವರ ದುಡಿಮೆಯೂ ಇದೆ.

ಆಕಾಶದಲ್ಲಿ 178 ಕಿಲೋಮೀಟರಾದ ಈ ದೂರವು ನೆಲದ ಮೇಲೆ 200 ಕಿಲೋಮೀಟರನ್ನು ಮೀರುತ್ತದೆ. ರಸ್ತೆಯು ಹೊಳೆಗೆ ಸೇತುವೆಯಿರುವ ಕಡೆಗೆ ತಿರುಗಬೇಕು, ಕೆರೆಯನ್ನು ಬಳಸಬೇಕು, ಸಂತೆಯೂರನ್ನು ಮುಟ್ಟಬೇಕು. ರಸ್ತೆಯ ಅಂಕುಡೊಂಕುಗಳನ್ನು ಕಂಡು ಅದನ್ನು ಹಾಕಿದವರ ಅಜ್ಞಾನವೆಂದು ನಗುವವರುಂಟು. ಒಂದೊಂದು ತಿರುವಿನಲ್ಲಿಯೂ ಬಸ್ಸಿಗಾಗಿ ಕಾದು ನಿಂತ ಒಂದೊಂದು ಹಳ್ಳಿಯಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಕಾಲದ ವಿಚಾರ. ಇಂಥ ನಿಲ್ದಾಣಗಳಿಗೆ ಹೆಚ್ಚಾಗಿ ಬರುವುದು ಎಟಿಆರ್ ಎಂಬ ಜಾತಿಯ ವಿಮಾನ. ರೆಕ್ಕೆಗಳ ಮೇಲೆ ಎರಡು ತಿರುಗುಪಂಖಗಳುಳ್ಳ, ಸುಮಾರು 70 ಮಂದಿ ಕೂರಬಹುದಾದ ವಿಮಾನವಿದು. ಪೂರ್ಣ ವೇಗದಲ್ಲಿ ಇದು ಗಂಟೆಗೆ ಸುಮಾರು 500 ಕಿಲೋಮೀಟರು ಹೋಗುತ್ತದೆ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಬರುವುದೆಂದು ಕಲಿತ ವಿದ್ಯಾರ್ಥಿಯು ಒಡನೆಯೇ ಉತ್ತರ ಹೇಳುವನು: 178ನ್ನು 500ರಿಂದ ಭಾಗಿಸಿದರೆ ಹುಬ್ಬಳ್ಳಿಯಿಂದ ಶಿವಮೊಗ್ಗೆಗೆ 21 ನಿಮಿಷ. ಗಣಿತವು ಸರಿಯಾಗಿದೆ, ಉತ್ತರವು ಮಾತ್ರ ತಪ್ಪು. ಇಷ್ಟು ಹತ್ತಿರದ ಎರಡು ಊರುಗಳ ನಡುವೆ ವಿಮಾನವನ್ನು ಬಯಸುವವರು ವಿರಳವೆಂಬುದು ನಿಜ. ಆದರೂ ಅಂಥ ವಿಮಾನವೊಂದು ಜುಲೈ ತಿಂಗಳಿನ ಒಂದು ಬೆಳಿಗ್ಗೆ ಹೊರಟಿತೆಂದು ಭಾವಿಸಿ, ಅದರ ಬೆನ್ನು ಹತ್ತಿ ನೋಡಿದರೆ ತಪ್ಪು ಎಲ್ಲಿದೆಯೆಂಬುದು ಗೊತ್ತಾಗುತ್ತದೆ.

ವಿಮಾನಯಾನದ ಕಾಲವನ್ನು ಎಣಿಸುವುದು ಅದು ನೆಲವನ್ನು ಬಿಟ್ಟಾಗಿನಿಂದಲ್ಲ. ಚಕ್ರಗಳಿಗೆ ಕೊಟ್ಟಿದ್ದ ತಡೆಗಟ್ಟೆಯನ್ನು ತೆಗೆದು ವಿಮಾನವು ಅಲುಗಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಚಕ್ರಗಳಿಗೆ ಮತ್ತೆ ತಡೆಗಟ್ಟೆ ಕೊಡುವವರೆಗಿನ ಕಾಲವೇ ವೇಳಾಪಟ್ಟಿಯಲ್ಲಿ ಅಚ್ಚಾಗುವುದು. ಅಲುಗಿದ ವಿಮಾನವು ಓಡುದಾರಿಯ ತುದಿಯವರೆಗೆ ಎತ್ತಿನ ಬಂಡಿಗಿಂತ ತುಸು ಬಿರುಸಾಗಿ ತೆವಳುತ್ತ ಹೋಗಬೇಕು. ಹುಬ್ಬಳ್ಳಿಯ ಓಡುದಾರಿಯು ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿದೆ. ವಿಮಾನವು ಯಾವಾಗಲೂ ಗಾಳಿಗೆ ಎದೆಗೊಟ್ಟು ಏರುತ್ತದೆ. ಎದುರುಗಾಳಿಯಿದ್ದರೆ ಕಡಿಮೆ ಓಟದಲ್ಲಿಯೇ ರೆಕ್ಕೆಗಳಿಗೆ ಬೇಕಾದ ಎತ್ತುವ ಬಲ ದೊರೆಯುತ್ತದೆ. ಮುಂಗಾರಿನಲ್ಲಿ ಬೀಸುವುದು ಪಡುವಣ ಗಾಳಿ. ಆದುದರಿಂದ ದಕ್ಷಿಣಕ್ಕೆ ಹೋಗಬೇಕಾದ ವಿಮಾನವು ಮೊದಲು ಪಶ್ಚಿಮಕ್ಕೆ ಮುಖ ಮಾಡಿ ಹಾರಿ, ಮೇಲೇರಿದಮೇಲೆ ಎಡಕ್ಕೆ ತಿರುಗಿ ತನ್ನ ದಾರಿಯನ್ನು ಹಿಡಿಯುತ್ತದೆ. ಭೂಪಟದ ಮೇಲೆ ಎಳೆದ ಗೆರೆಯು ಇಲ್ಲಿಯೇ ಮೊದಲ ಬಾರಿಗೆ ಮುರಿಯಿತು.

ಅನಂತರ ಏರುವ ಕೆಲಸ. ಹುಬ್ಬಳ್ಳಿಯ ನಿಲ್ದಾಣವೇ ಸಮುದ್ರಮಟ್ಟದಿಂದ 2,171 ಅಡಿ ಎತ್ತರದಲ್ಲಿದೆ. ವಿಮಾನವು 15,000 ಅಡಿಯವರೆಗೆ ಏರುವುದೆಂದಿಟ್ಟುಕೊಂಡರೆ, ನಿಮಿಷಕ್ಕೆ ಸಾವಿರದ ಇನ್ನೂರು ಮುನ್ನೂರು ಅಡಿಯಂತೆ ಹತ್ತು ಹನ್ನೊಂದು ನಿಮಿಷಗಳಾದರೂ ಬೇಕು. ದಿಣ್ಣೆಯನ್ನು ಹತ್ತುವ ಎತ್ತಿನಂತೆ, ಏರುವ ವಿಮಾನವೂ ತನ್ನ ಪೂರ್ಣ ವೇಗದಲ್ಲಿ ಓಡಲಾರದು. ಹುಬ್ಬಳ್ಳಿಯಿಂದ ಶಿಗ್ಗಾಂವಿಗೆ ನೇರ ದೂರ ಸುಮಾರು 43 ಕಿಲೋಮೀಟರು. ಶಿಗ್ಗಾಂವಿಯ ಶಾಲೆಯ ಅಂಗಳದಲ್ಲಿ ನಿಂತ ಹುಡುಗರು ತಲೆಯೆತ್ತಿ ನೋಡುವಾಗ ವಿಮಾನವು ಇನ್ನೂ ಏರುತ್ತಲೇ ಇರುತ್ತದೆ.

ಇಳಿಯುವಾಗಿನ ನಿಯಮ ಇನ್ನೂ ಸ್ವಾರಸ್ಯವಾದುದು. ಪ್ರತಿ ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲಿ ದೂರ ಬೇಕೆಂಬುದು ಚಾಲಕರ ಬಾಯಿಲೆಕ್ಕ. ಶಿವಮೊಗ್ಗೆಯ ನೆಲವೂ ಸುಮಾರು ಎರಡು ಸಾವಿರ ಅಡಿ ಎತ್ತರದ್ದು; ಇಳಿಯಬೇಕಾದುದು 13,000 ಅಡಿ. ಅಂದರೆ 39 ನಾಟಿಕಲ್ ಮೈಲಿ, ಸುಮಾರು 72 ಕಿಲೋಮೀಟರು ಮುಂಚಿತವಾಗಿಯೇ ಇಳಿಯತೊಡಗಬೇಕು. ಶಿವಮೊಗ್ಗೆಯ ನಿಲ್ದಾಣದಿಂದ 72 ಕಿಲೋಮೀಟರು ಹಿಂದಕ್ಕೆ ಎಂದರೆ ಯಾವ ಜಾಗ? ಹಿರೇಕೆರೂರು! ಶಿಗ್ಗಾಂವಿಯಲ್ಲಿ ಏರುತ್ತಿದ್ದ ವಿಮಾನವು ಹಿರೇಕೆರೂರಿನಲ್ಲಿ ಇಳಿಯತೊಡಗುತ್ತದೆ. ಮಟ್ಟಸವಾಗಿ, ಪೂರ್ಣ ವೇಗದಲ್ಲಿ ಅದು ಹಾರುವುದು ಇವೆರಡರ ನಡುವೆ ಆರೇಳು ನಿಮಿಷ ಮಾತ್ರ. ‘ಗಂಟೆಗೆ 500 ಕಿಲೋಮೀಟರು’ ಎಂಬ ಮಾತು ಇಡೀ ಪ್ರಯಾಣದಲ್ಲಿ ಸತ್ಯವಾಗಿರುವುದು ಅಷ್ಟು ಹೊತ್ತು. ಕೊನೆಗೆ ಓಡುದಾರಿಯ ನೇರಕ್ಕೆ ಬರಲು ಮತ್ತೊಂದು ಬಳಸು, ನಿಧಾನವಾದ ಇಳಿತ, ಮತ್ತೆ ನೆಲದ ಮೇಲಿನ ತೆವಳು. ಎಲ್ಲವನ್ನೂ ಕೂಡಿಸಿದರೆ 21 ನಿಮಿಷದ ದಾರಿಯು ಮುಕ್ಕಾಲು ಗಂಟೆಯಾಗುತ್ತದೆ. ಮೋಡ ಕವಿದಿದ್ದರೆ ಸುತ್ತು ಹಾಕುತ್ತ ಕಾಯುವ ಕಾಲವು ಬೇರೆ.

ಈಗ ಒಂದು ಮಾತು ಸ್ಪಷ್ಟವಾಯಿತು. ವಿಮಾನದ ಕಾಲದಲ್ಲಿ ಎರಡು ಭಾಗಗಳಿವೆ. ದೂರ ಹೆಚ್ಚಿದಂತೆ ಹೆಚ್ಚುವ ಭಾಗ ಒಂದು. ದೂರವೆಷ್ಟೇ ಇರಲಿ, ಸುಂಕದಂತೆ ತೆರಲೇಬೇಕಾದ ಭಾಗ ಇನ್ನೊಂದು. ನಿಜವಾಗಿ ಪ್ರಯಾಣಿಕರು ಹೋಗುವ ದಾರಿಗಳಲ್ಲಿಯೇ ಇದನ್ನು ಕಾಣಬಹುದು. ಹುಬ್ಬಳ್ಳಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ನೇರ ದೂರ ಸುಮಾರು 370 ಕಿಲೋಮೀಟರು; ಶಿವಮೊಗ್ಗೆಯಿಂದ ಅಲ್ಲಿಗೆ ಸುಮಾರು 238 ಕಿಲೋಮೀಟರು. ದೂರದಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಉಳಿತಾಯ. ಕಾಲದಲ್ಲಿ ಉಳಿಯುವುದು ಮಾತ್ರ ಹತ್ತು ಹದಿನೈದು ನಿಮಿಷ. ಹುಬ್ಬಳ್ಳಿಯಿಂದ ದೆಹಲಿಗೆ ಸುಮಾರು 1,480 ಕಿಲೋಮೀಟರು. ಬೆಂಗಳೂರಿನ ದೂರದ ಸರಿಯಾಗಿ ನಾಲ್ಕು ಪಟ್ಟು. ಜೆಟ್ ವಿಮಾನದ ಹೆಚ್ಚಿನ ವೇಗವೂ ಸೇರಿ, ಅಲ್ಲಿಗೆ ಹಿಡಿಯುವ ಕಾಲವು ಎರಡು ಪಟ್ಟಿಗಿಂತ ಹೆಚ್ಚೇನೂ ಆಗದು.

ಗಾಳಿಯೂ ತನ್ನ ಪಾಲನ್ನು ಕೇಳುತ್ತದೆ. ಮುಂಗಾರಿನ ದಿನಗಳಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ, ಅಂದರೆ ವಾಯವ್ಯಕ್ಕೆ ಬರುವ ವಿಮಾನಕ್ಕೆ ಗಂಟೆಗೆ 50 ಕಿಲೋಮೀಟರಿನ ಎದುರುಗಾಳಿ ಇದೆಯೆಂದುಕೊಂಡರೆ, 370 ಕಿಲೋಮೀಟರಿಗೆ 49 ನಿಮಿಷ ಬೇಕು. ಅದೇ ಗಾಳಿ ಬೆನ್ನಿಗೆ ಬೀಸಿದರೆ 40 ನಿಮಿಷ ಸಾಕು. ಹೋಗುವ ಕಾಲವೂ ಬರುವ ಕಾಲವೂ ಒಂದೇ ಆಗಿರದಿರುವುದನ್ನು ಕಂಡು ವೇಳಾಪಟ್ಟಿಯಲ್ಲಿ ಅಚ್ಚಿನ ತಪ್ಪಾಗಿದೆಯೆಂದು ಭಾವಿಸಬೇಕಾಗಿಲ್ಲ.

ಇಷ್ಟೆಲ್ಲ ಲೆಕ್ಕವು ಮನೆಯಿಂದ ಹೊರಡುವವನಿಗೆ ಏಕೆ ಬೇಕು? ಹಿರೇಕೆರೂರಿನ ಕಡೆಯ ತರುಣನೊಬ್ಬನಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕೆಲಸದ ಸಂದರ್ಶನವಿದೆ ಎಂದುಕೊಳ್ಳೋಣ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದೂಕಾಲು ಗಂಟೆ ಎಂದು ಓದಿದ ಅವನು ಹಿಗ್ಗಿ, ಚೀಟಿ ಕೊಳ್ಳುತ್ತಾನೆ. ಹಿರೇಕೆರೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರು. ಎರಡೂಮುಕ್ಕಾಲು ಗಂಟೆಯೆಂದು ಎಣಿಸಬಹುದು. ವಿಮಾನ ಹೊರಡುವುದಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಕೌಂಟರುಗಳು ಮುಚ್ಚುವುದರಿಂದ ಒಂದೂಕಾಲು ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ ಒಂದೂಕಾಲು ಗಂಟೆ. ಇಳಿದು, ಗಂಟುಮೂಟೆ ಪಡೆದು ಹೊರಬೀಳಲು ಅರ್ಧ ಗಂಟೆ. ನಿಲ್ದಾಣದಿಂದ ಬೆಂಗಳೂರಿನ ನಡುಪೇಟೆಗೆ ಸುಮಾರು 35 ಕಿಲೋಮೀಟರು. ವಾಹನಗಳ ಸಂದಣಿಯಲ್ಲಿ ಒಂದೂಕಾಲು ಗಂಟೆ. ಒಟ್ಟು ಏಳು ಗಂಟೆ. ಹಿರೇಕೆರೂರಿನಿಂದ ಬೆಂಗಳೂರಿಗೆ ನೇರ ರಸ್ತೆ ಸುಮಾರು 340 ಕಿಲೋಮೀಟರು. ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು! ಆಗ್ನೇಯಕ್ಕೆ ಹೋಗಬೇಕಾದವನು ವಿಮಾನವನ್ನು ಹತ್ತಲೆಂದು ಮೊದಲು ಉತ್ತರಕ್ಕೆ ನೂರು ಕಿಲೋಮೀಟರಿಗೂ ಮಿಗಿಲಾಗಿ ಹಿಂದೆ ಸರಿದುದೇ ಇದಕ್ಕೆ ಕಾರಣ. ಒಂದೂಕಾಲು ಗಂಟೆಯೆಂಬ ಮಾತನ್ನೇ ನಂಬಿ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂದರ್ಶನವು ಕೈತಪ್ಪಿದಂತೆಯೇ.

ಅವನೇ ಶಿವಮೊಗ್ಗೆಯ ಕಡೆಗೆ ಹೊರಟಿದ್ದರೆ ಶಿಕಾರಿಪುರದ ಮೇಲೆ ಹಾದು ನಿಲ್ದಾಣಕ್ಕೆ ಸುಮಾರು 95 ಕಿಲೋಮೀಟರು. ಒಟ್ಟು ಕಾಲದಲ್ಲಿ ಮುಕ್ಕಾಲು ಗಂಟೆಯಷ್ಟು ಉಳಿದೀತು. ಆದರೆ ಬಸ್ಸುಗಳಂತೆ ವಿಮಾನಗಳು ಗಂಟೆಗೊಂದು ಹೊರಡುವುದಿಲ್ಲ. ಬೇಕಾದ ಹೊತ್ತಿಗೆ ವಿಮಾನವಿಲ್ಲದಿದ್ದರೆ ಆ ಉಳಿತಾಯವೂ ಕಾಯುವುದರಲ್ಲಿ ಕರಗುತ್ತದೆ. ಬೆಂಗಳೂರಿನವರಿಗೂ ಇಂಥ ಅನುಭವವಾಗಿದೆ. 2008ರ ಮೇ ತಿಂಗಳಿನಲ್ಲಿ ನಿಲ್ದಾಣವು ಊರೊಳಗಿನ ಎಚ್.ಎ.ಎಲ್. ಆವರಣದಿಂದ ದೇವನಹಳ್ಳಿಯ ಬಳಿಗೆ ಹೋದಾಗ ಹಾರಾಟದ ಕಾಲ ಹೆಚ್ಚು ಬದಲಾಗಲಿಲ್ಲ, ಆದರೆ ನಿಲ್ದಾಣವನ್ನು ಮುಟ್ಟುವ ಕಾಲ ಬೆಳೆಯಿತು.

ಶಿಗ್ಗಾಂವಿಯ ಮಾತು ಬೇರೆ. ಅದು ಹೆದ್ದಾರಿಯ ಮಗ್ಗುಲಲ್ಲಿಯೇ ಇರುವುದರಿಂದ ಹುಬ್ಬಳ್ಳಿಯ ನಿಲ್ದಾಣಕ್ಕೆ ಒಂದು ಗಂಟೆಯ ದಾರಿ. ಸವಣೂರಿನವರಿಗೆ ಸ್ವಲ್ಪ ಹೆಚ್ಚು; ಹಾನಗಲ್ಲಿನವರಿಗೆ ಸುಮಾರು 80 ಕಿಲೋಮೀಟರು. ಇವರಲ್ಲಿ ಯಾರಾದರೂ ದೆಹಲಿಗೆ ಹೊರಟರೆ ನೆಲದ ಮೇಲೆ ಕಳೆದ ಗಂಟೆಗಳು ಲೆಕ್ಕಕ್ಕೇ ಬಾರವು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಗೂ ಮೀರುವ ದಾರಿಯನ್ನು ಅವರು ಬೆಳಗಿನಿಂದ ಸಂಜೆಯೊಳಗೆ ಮುಗಿಸಬಲ್ಲರು. ಸರ್ಕಾರವೂ ಈ ಸತ್ಯವನ್ನು ಗಮನಿಸಿದೆ. ಸಣ್ಣ ಊರುಗಳಿಗೆ ವಿಮಾನ ಸೌಕರ್ಯವನ್ನು ಒದಗಿಸಲು 2016ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಉಡಾನ್ ಯೋಜನೆಯನ್ನು ಪ್ರಕಟಿಸಿದಾಗ, ನೆರವು ಪಡೆಯುವ ದಾರಿಗಳು 200ರಿಂದ 800 ಕಿಲೋಮೀಟರಿನವಾಗಿರಬೇಕೆಂದು ಗೊತ್ತುಮಾಡಿತು. ಬೆಟ್ಟಗಾಡು, ದ್ವೀಪಗಳು ಮೊದಲಾದ ದುರ್ಗಮ ಪ್ರದೇಶಗಳಿಗೆ ಮಾತ್ರ ಕೆಳಗಿನ ಮಿತಿಯನ್ನು ಇಡಲಿಲ್ಲ. ಅಲ್ಲಿ ಐವತ್ತು ಕಿಲೋಮೀಟರಿನ ರಸ್ತೆಯೂ ದಿನವನ್ನೇ ನುಂಗಬಹುದು. ಆ ಅಳತೆಯಿಂದ ನೋಡಿದರೆ 178 ಕಿಲೋಮೀಟರಿನ ನಮ್ಮ ಗೆರೆಯು ಮಿತಿಗೆ ಸ್ವಲ್ಪ ಕಿರಿದಾಯಿತು.

ಆ ಗೆರೆಯನ್ನು ಸರಿಯಾಗಿ ನಡುವೆ ಕತ್ತರಿಸಿ, ಅಡ್ಡಲಾಗಿ ಒಂದು ಲಂಬವನ್ನು ಎಳೆದರೆ ಅದು ಹಾನಗಲ್ಲಿಗೂ ಹಿರೇಕೆರೂರಿಗೂ ನಡುವಣ ಹೊಲಗಳ ಮೇಲೆ ಹಾಯುತ್ತದೆ. ಲಂಬದ ಉತ್ತರಕ್ಕಿರುವವರಿಗೆ ಹುಬ್ಬಳ್ಳಿ ಹತ್ತಿರ, ದಕ್ಷಿಣಕ್ಕಿರುವವರಿಗೆ ಶಿವಮೊಗ್ಗೆ ಹತ್ತಿರ. ಲಂಬದ ಮೇಲೆಯೇ ಇರುವ ಹಳ್ಳಿಗಳಿಗೆ ಎರಡೂ ಸಮ, ಅಳತೆಪಟ್ಟಿಯ ಮಟ್ಟಿಗೆ. ಮಳೆಗಾಲದಲ್ಲಿ ವರದೆಯು ತುಂಬಿ ಹರಿದು ತಗ್ಗಿನ ಸೇತುವೆಗಳು ನೀರಿನಲ್ಲಿ ಮುಳುಗಿದ ದಿನ, ಉತ್ತರದ ನಿಲ್ದಾಣಕ್ಕೆ ಹೋಗಬೇಕಾದ ಅಲ್ಲಿಯವರು ಮೇಲಿನ ಸೇತುವೆಯನ್ನು ಹುಡುಕಿಕೊಂಡು ಹಲವು ಹರದಾರಿ ಸುತ್ತಬೇಕು. ಅಂದು ಶಿಕಾರಿಪುರದ ರಸ್ತೆಯು ತೆರೆದಿದ್ದರೆ ಅವರಿಗೆ ಶಿವಮೊಗ್ಗೆಯೇ ಹತ್ತಿರ.